ಹಾಲುಹಲ್ಲಿನ ಅನುಮಾನಗಳು

ಮಕ್ಕಳ ಹಲ್ಲು ನೋಡುವ ಕೆಲಸ ಹಿಡಿದ ಮೇಲೆ ಏನಾದರೊಂದು ಫಜೀತಿ ನಡೆಯದೆ ವಾರ ಕಳೆದರೆ ನನಗೇ ಅನುಮಾನ ಬರುತ್ತದೆ, ಕ್ಲಿನಿಕ್ಕಿನ ಬೀಗ ತೆಗೆದಿದ್ದೇನೋ ಇಲ್ಲವೋ ಎಂದು.

ಮತ್ತಿಕೆರೆಯಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನನ್ನ ಕ್ಲಿನಿಕ್ಕು. ಬರುವ ಮಗುವಿಗೆ ನನ್ನ ಮೇಲೆ ಅನುಮಾನ. ಕರೆತಂದ ಅಪ್ಪ ಅಮ್ಮನಿಗೆ ನಾನು ಹೇಳುವುದರ ಮೇಲೆ ಅನುಮಾನ. ನನಗೆ ಇವರೆಲ್ಲರ ಮೇಲೂ ಅನುಮಾನ. "ನಮ್ಮ ಪಾಪು ದಿನಾ ಎರಡು ಹೊತ್ತೂ ಬ್ರಷ್ ಮಾಡುತ್ತೆ ಮೇಡಂ" ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖ ನೋಡುವುದಿಲ್ಲ, ಪಾಪುವಿನ ಮುಖ ನೋಡುತ್ತೇನೆ. ಅದು ಆಶ್ಚರ್ಯದಿಂದ ಅಮ್ಮನ ಕಡೆ ತಿರುಗಿತೋ, ಅಲ್ಲಿಗೆ ವಿಚಾರಣೆ ಮುಗಿಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಮಹಾ ಹಠಮಾರಿ. ಮಗುವಿಗೆ ಸುಳ್ಳು ಹೇಳಿ ಬಾಯಿ ತೆಗೆಸುವುದಿಲ್ಲ. ಚುರುಕ್ ಅನ್ನುತ್ತದೆ ಎಂದರೆ ಅನ್ನುತ್ತದೆ, ಇಲ್ಲ ಎಂದರೆ ಇಲ್ಲ. ಒಂದು ಸಲ ಮೋಸ ಹೋದ ಮಗು ಮತ್ತೆ ಬಾಯಿ ತೆಗೆಯುವುದಿಲ್ಲ. ಮುಚ್ಚಿದ ಬಾಯೊಳಗೆ ಹುಳುಕು ಹಲ್ಲು ಸುಮ್ಮನೆ ಕೂರುವುದಿಲ್ಲ. ಕೆನ್ನೆ ಊದಿಸಿಕೊಂಡು, ಅನ್ನ ಬಿಟ್ಟು, ನಿದ್ದೆ ಬಿಟ್ಟು ಬಂದ ಮಕ್ಕಳನ್ನು ನೋಡಿ ನೋಡಿ ಹೊಟ್ಟೆ ಉರಿದು ಬಂದ ಹಠ ಇದು. ಈ ಹಠದಿಂದ ನಾನು ಪಟ್ಟ ಫಜೀತಿಗಳೇ ಇಲ್ಲಿರುವುದು.

ಯಶವಂತಪುರ ಸ್ಟೇಷನ್

ಗೊರಗುಂಟೆಪಾಳ್ಯದಿಂದ ಒಬ್ಬ ಅಪ್ಪ ತನ್ನ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬಂದ. ಹುಡುಗ ಮೆಟ್ಟಿಲು ಹತ್ತಿದ ರೀತಿ ನೋಡಿಯೇ ನನಗೆ ಅನುಮಾನ ಬಂತು. ಹಲ್ಲಿನ ಡಾಕ್ಟರ ಹತ್ತಿರ ಯಾವ ಮಗುವೂ ಹಾಗೆ ಕುಣಿಯುತ್ತಾ ಬರುವುದಿಲ್ಲ.

"ಟ್ರೈನ್ ಎಲ್ಲಿ ಪಪ್ಪಾ?" ಎಂದು ಕೇಳಿದ.

ಅಪ್ಪ ನನಗೆ ಕಣ್ಣು ಹೊಡೆದು, "ಬರುತ್ತೆ ಬರುತ್ತೆ. ಫಸ್ಟು ಈ ಸೀಟಲ್ಲಿ ಕೂತ್ಕೋ ಮಗಾ. ಈ ಆಂಟೀನೇ ಟಿಕೆಟ್ ಕೊಡೋರು" ಎಂದ. ಯಶವಂತಪುರ ಸ್ಟೇಷನ್ನಿಗೆ ಟ್ರೈನ್ ನೋಡೋಕೆ ಹೋಗೋಣ ಅಂತ ಹೇಳಿ ಕರೆತಂದಿದ್ದನಂತೆ.

ನಾನು ಹುಡುಗನ ಎದುರು ಮಂಡಿಯೂರಿ ಕೂತು, "ಇದು ಸ್ಟೇಷನ್ ಅಲ್ಲ ಕಂದ. ಹಲ್ಲಿನ ಆಸ್ಪತ್ರೆ. ನಾನು ಹಲ್ಲಿನ ಡಾಕ್ಟ್ರು" ಎಂದೆ.

ಹುಡುಗ ಅಳಲಿಲ್ಲ. ಅಪ್ಪನ ಕಡೆ ತಿರುಗಿ ಒಂದು ನೋಟ ನೋಡಿದ, ಅಷ್ಟೇ. ಆ ನೋಟಕ್ಕೆ ಬೈಕಿನ ಹೆಲ್ಮೆಟ್ಟು ಅಪ್ಪನ ಕೈಯಿಂದ ಜಾರಿತು. ಇವತ್ತು ನಾನು ಕನ್ನಡಿ ಹಿಡಿದು ಹಲ್ಲು ಎಣಿಸುವುದು ಬಿಟ್ಟು ಬೇರೆ ಏನೂ ಮಾಡುವುದಿಲ್ಲ, ಬೇಕಾದರೆ ಕನ್ನಡಿಯನ್ನು ನೀನೇ ಹಿಡಿದುಕೋ ಎಂದೆ. ಹಿಡಿದುಕೊಂಡ. ನಾವಿಬ್ಬರೂ ಸೇರಿ ಎಣಿಸಿದೆವು. ಹೋಗುವಾಗ ನನಗೆ ಟಾಟಾ ಮಾಡಿದ; ಅಪ್ಪನ ಕೈ ಮಾತ್ರ ಹಿಡಿಯಲಿಲ್ಲ.

ಸ್ವಲ್ಪ ದಿನದ ನಂತರ ಆ ಅಪ್ಪನ ಫೋನು. ಹಿಂದೆ ಏನೋ ಗದ್ದಲ. "ಮೇಡಂ, ಯಶವಂತಪುರ ಸ್ಟೇಷನ್ನಲ್ಲಿದೀನಿ. ಹುಬ್ಬಳ್ಳಿಗೆ ಮದುವೆಗೆ ಹೊರಟಿದೀವಿ. ಟ್ರೈನ್ ಬಂದು ನಿಂತಿದೆ, ಇವ್ನು ಹತ್ತಲ್ಲ ಅಂತಾನೆ. ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡು ನಿಂತ್ಬಿಟ್ಟಿದಾನೆ. ಟಿ.ಟಿ. ಕೋಟು ನೋಡಿ ಇವ್ರೂ ಡಾಕ್ಟ್ರೇ ಅಂತಿದಾನೆ. ಯಾರ್ ಹೇಳಿದ್ರೂ ನಂಬ್ತಿಲ್ಲ. ಸ್ಪೀಕರ್ ಹಾಕ್ತೀನಿ, ಇದು ಟ್ರೈನೇ ಅಂತ ನೀವೊಂದು ಮಾತು ಹೇಳ್ಬಿಡಿ ಪ್ಲೀಸ್."

ನೋಡದೆ ಹೇಗೆ ಹೇಳಲಿ? "ಎದುರಿಗೆ ಏನು ಕಾಣ್ತಿದೆ ಕಂದ?" ಎಂದು ಕೇಳಿದೆ. ಉದ್ದಕ್ಕೆ ಕಿಟಕಿಗಳಿವೆ, ಕೆಳಗೆ ಚಕ್ರ ಇದೆ, ಒಬ್ಬರು ಕಾಫಿ ಕಾಫಿ ಅಂತ ಕೂಗ್ತಿದಾರೆ ಎಂದ.

"ಹಾಗಾದ್ರೆ ಅದು ಟ್ರೈನೇ. ಹತ್ತು" ಎಂದೆ.

ಹುಡುಗ ಸಣ್ಣ ದನಿಯಲ್ಲಿ ಕೇಳಿದ, "ಒಳಗಡೆ ನೀವು ಇಲ್ಲ ತಾನೆ?"

ಬೇಕರಿಯವರ ದೂರು

ಕೆಳಗೆ ಬೇಕರಿ, ಮೇಲೆ ಹಲ್ಲಿನ ಕ್ಲಿನಿಕ್ಕು ಇದ್ದರೆ ಊರವರು ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಬೋರ್ಡು ಹಾಕಿದ ಮೇಲೆ ಗೊತ್ತಾಯಿತು. ಒಬ್ಬರಂತೂ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಕೇಳಿದರು, "ಬೇಕರಿ ನಿಮ್ಮ ಯಜಮಾನ್ರದ್ದಾ ಮೇಡಂ?" ನಾನು ಅಲ್ಲ ಎಂದೆ. "ಹಂಗಾದ್ರೆ ತಮ್ಮನದ್ದಾ?" ಎಂದರು.

ಅದೇ ಸಮಯದಲ್ಲಿ ಬೇಕರಿಯವರಿಗೆ ನನ್ನ ಮೇಲೆ ಬೇರೆಯೇ ಅನುಮಾನ. ನಾನು ಮಕ್ಕಳಿಗೆ ಏನೋ ಹೇಳಿಕೊಟ್ಟು ಅವರ ವ್ಯಾಪಾರಕ್ಕೆ ಕಲ್ಲು ಹಾಕುತ್ತಿದ್ದೇನೆ ಎಂದು. ನಾನು ಹೇಳುವುದು ಇಷ್ಟೇ: ಸಿಹಿ ತಿನ್ನಲೇಬೇಕಾದರೆ ಊಟದ ಜೊತೆ ತಿನ್ನಿ, ದಿನವಿಡೀ ಚೂರು ಚೂರು ತಿನ್ನಬೇಡಿ, ತಿಂದ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಿ. ಆದರೆ ಮಕ್ಕಳು ಅದನ್ನು ಕೆಳಗೆ ಹೋಗಿ ಹೇಳುವಷ್ಟರಲ್ಲಿ ಸ್ವಲ್ಪ ಬದಲಾಗುತ್ತದೆ.

ಒಂದು ದಿನ ಬೇಕರಿಯ ಯಜಮಾನರು ಏಪ್ರನ್ನಿನಲ್ಲೇ ಮೇಲೆ ಬಂದರು. "ಏನ್ ಮೇಡಂ ಇದು? ಒಂದು ಹೆಣ್ಣು ಮಗು ಬಂದು ಗಾಜಿನ ಮುಂದೆ ನಿಂತ್ಕೊಂಡು, ಒಳಗಿರೋ ಕೇಕ್‌ಗೆಲ್ಲ ಹಲ್ಲು ಕದಿಯೋ ಕಳ್ಳ, ಕಳ್ಳ ಅಂತ ಬೈದು ಹೋಯ್ತು. ಗಿರಾಕಿಗಳು ನಿಂತಿದಾರೆ. ನಾನ್ ಏನ್ ಹೇಳ್ಬೇಕು?"

ಆಗಷ್ಟೇ ಅಪ್ಪನ ಜೊತೆ ನನ್ನಲ್ಲಿಂದ ಇಳಿದು ಹೋದ ಮಗು ಅದು. "ಜೊತೆಗೆ ಅವರಪ್ಪ ಇದ್ದರಲ್ಲ, ಸುಮ್ಮನಿದ್ದರಾ?" ಎಂದೆ.

"ಅವರು ಮಗು ಆ ಕಡೆ ತಿರುಗಲಿ ಅಂತ ಕಾಯ್ಕೊಂಡು ನಿಂತಿದ್ರು ಮೇಡಂ, ಹನಿ ಕೇಕ್ ತಗೊಳ್ಳೋಕೆ."

ಯಾರು ಕೊಡುತ್ತಾರೆ?

ಆರ್‌ಟಿ ನಗರದಿಂದ ಒಂದು ಪುಟ್ಟ ಹುಡುಗಿ. ಅವಳ ಜೊತೆಗೆ ಅಪ್ಪ, ಅಮ್ಮ, ಅಜ್ಜಿ. ಮುಂದಿನ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಮಲಗುವ ಮುಂಚೆ ಸಿಹಿ ಬಿದ್ದರೆ ಆಗುವ ಬಣ್ಣ ಅದು, ನನಗೆ ದೂರದಿಂದಲೇ ತಿಳಿಯುತ್ತದೆ.

"ರಾತ್ರಿ ಏನಾದ್ರೂ ಸಿಹಿ ಕೊಡ್ತೀರಾ?" ಎಂದು ಕೇಳಿದೆ.

ಮೂವರೂ ಒಟ್ಟಿಗೆ, "ಅಯ್ಯೋ, ಇಲ್ಲಪ್ಪ" ಎಂದರು. ಇಷ್ಟು ಒಗ್ಗಟ್ಟಿರುವ ಮನೆಯನ್ನು ನಾನು ನಂಬುವುದಿಲ್ಲ.

ಅಪ್ಪನೂ ಅಮ್ಮನೂ ಎಕ್ಸ್‌ರೇ ರೂಮಿಗೆ ಮಗುವನ್ನು ಎತ್ತಿಕೊಂಡು ಹೋದಾಗ ಅಜ್ಜಿ ನನ್ನ ಹತ್ತಿರ ಬಂದರು. "ನಮ್ ಸೊಸೆ ಮಲಗೋವಾಗ ಹಾಲಿಗೆ ಸಕ್ಕರೆ ಹಾಕ್ತಾಳೆ ಕಣಮ್ಮ. ನಾನ್ ಹೇಳ್ದೆ ಅಂತ ಹೇಳ್ಬೇಡ." ಅವರು ಬಾತ್‌ರೂಮಿಗೆ ಹೋದ ಕೂಡಲೇ ಅಮ್ಮ ಬಂದಳು. "ಅತ್ತೆ ಸೆರಗಿನ ಗಂಟಲ್ಲಿ ಕಲ್ಲುಸಕ್ಕರೆ ಇಟ್ಕೊಂಡು ಬಾಯಿಗೆ ಹಾಕ್ತಾರೆ ಮೇಡಂ. ನಾನ್ ಹೇಳ್ದೆ ಅಂತ ಗೊತ್ತಾಗ್ಬಾರ್ದು." ಅಪ್ಪ ಮಾತ್ರ ಫೋನ್ ಬಂದವನಂತೆ ಹೊರಗೆ ಹೋಗಿ, ಬಾಗಿಲ ಸಂದಿಯಿಂದ ನನ್ನನ್ನು ಕರೆದ. "ಆಫೀಸಿಂದ ಬರ್ತಾ ಒಂದು ಚಾಕ್ಲೇಟ್ ತರ್ತೀನಿ ಮೇಡಂ. ಇಲ್ಲಾಂದ್ರೆ ನನ್ ಹತ್ರ ಬರೋದೇ ಇಲ್ಲ ಅವಳು. ಮನೇಲಿ ಹೇಳ್ಬೇಡಿ."

ಕೊನೆಗೆ ಮಗುವೂ ನಾನೂ ಇಬ್ಬರೇ ಉಳಿದೆವು. ಅವಳು ಕುರ್ಚಿಯಿಂದ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಎಲ್ರೂ ಕೊಡ್ತಾರೆ ಆಂಟಿ. ಯಾರಿಗೂ ಹೇಳ್ಬೇಡ ಅಂದಿದಾರೆ. ನೀವೂ ಸುಮ್ನಿರಿ, ಆಮೇಲೆ ನಿಲ್ಲಿಸ್ಬಿಡ್ತಾರೆ."

ಸೋದರಮಾವನ ಎಕ್ಸ್‌ರೇ

ಯಲಹಂಕ ಕಡೆಯ ಒಂದು ಹಳೇ ಮನೆತನ. ಮಗುವಿಗೆ ಆಗ ತಾನೇ ಹಲ್ಲು ಬರುವ ಹೊತ್ತು. ಮೊದಲ ಹಲ್ಲು ಬಂದಾಗಲೇ ಒಂದು ಸಲ ತೋರಿಸಿಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಬರುವುದಿಲ್ಲ. ಇವರು ಬಂದರಲ್ಲ ಎಂದು ಖುಷಿಯಾಯಿತು. ಮಗುವನ್ನು ಎತ್ತಿಕೊಂಡ ತಾಯಿ, ಅವಳ ಅತ್ತೆ, ಹಿಂದೆ ಅವಳ ಅಣ್ಣ. ಅಣ್ಣ ಎಂದರೆ ಆಳೆತ್ತರದ ಮನುಷ್ಯ. ಸೈಟಿನ ವ್ಯವಹಾರ, ಕೈಯಲ್ಲಿ ದಪ್ಪ ಚಿನ್ನದ ಕಡಗ. ಮುಖ ಮಾತ್ರ ಪರೀಕ್ಷೆಯ ರಿಸಲ್ಟು ನೋಡಲು ಬಂದವನ ಹಾಗೆ ಬಿಳಚಿಕೊಂಡಿತ್ತು.

ಅತ್ತೆ ಹೇಳಿದರು, "ಮೇಲಿನ ಹಲ್ಲು ಮೊದ್ಲು ಬಂದದೆ ಡಾಕ್ಟ್ರಮ್ಮ. ನಾನೇ ಕಣ್ಣಾರೆ ನೋಡಿದೀನಿ."

ಆಗ ಅರ್ಥವಾಯಿತು. ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಆ ಸೋದರಮಾವ ಖುದ್ದಾಗಿ ಬಂದು ನಿಂತಿದ್ದ. ಅವನಿಗೆ ತಂಗಿಯ ಅತ್ತೆಯ ಮೇಲೇ ಅನುಮಾನ. "ಇವ್ರು ಬೇಕಂತಾನೇ ಹೇಳ್ತಾವ್ರೆ ಮೇಡಂ. ನಾಮಕರಣದಲ್ಲಿ ನಾನ್ ತಂದ ಬಳೆ ಇವ್ರಿಗೆ ಇಷ್ಟ ಆಗ್ಲಿಲ್ಲ ಅಂತ ಅವತ್ತಿಂದ ಇಂಗೇ. ನೀವ್ ಎಕ್ಸ್‌ರೇ ತೆಗೀರಿ, ಯಾವ್ದು ಮೊದ್ಲು ಅಂತ ಗೊತ್ತಾಗ್ಲಿ."

ಇಷ್ಟು ಚಿಕ್ಕ ಮಗುವಿಗೆ ಸುಮ್ಮಸುಮ್ಮನೆ ಎಕ್ಸ್‌ರೇ ತೆಗೆಯುವುದಿಲ್ಲ ಎಂದು ಹೇಳಿ, ತಾಯಿಯ ಮಡಿಲಲ್ಲೇ ಮಲಗಿಸಿಕೊಂಡು ಬಾಯಿ ನೋಡಿದೆ. ಮೇಲಿನ ಒಸಡಿನ ಮೇಲೆ ಬೆಳ್ಳಗೆ ಏನೋ ಇತ್ತು, ನಿಜ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಬಟ್ಟೆಗೆ ಅಂಟಿಕೊಂಡು ಬಂತು. ಬೆಳಗ್ಗೆ ತಿನ್ನಿಸಿದ ಅನ್ನದ ಅಗುಳು.

ಸೋದರಮಾವ ಅಲ್ಲೇ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡ. ಅತ್ತೆ ಮಾತ್ರ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಗುಳನ್ನು ಉಗುರಿನಿಂದ ಒತ್ತಿ ನೋಡಿ, ಒಪ್ಪಲು ಮನಸ್ಸಿಲ್ಲದೆ ಒಪ್ಪಿದರು. ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ ಆ ಮನುಷ್ಯ ಒಬ್ಬನೇ ಮತ್ತೆ ಮೇಲೆ ಬಂದ. ಧನ್ಯವಾದ ಹೇಳೋಕೆ ಬಂದಿರಬೇಕು ಅಂದುಕೊಂಡೆ.

"ಮೇಡಂ, ಕೆಳಗಿನ ಹಲ್ಲು ಬರೋವರ್ಗೂ ಮೇಲಿಂದು ಬರ್ದಂಗೆ ತಡೆಯೋಕೆ ಏನಾದ್ರೂ ಪೇಸ್ಟ್ ಐತಾ?"

ಮೊದಲು ತಾತನಿಗೆ

ಚಿಕ್ಕಬಾಣಾವರದ ಒಬ್ಬ ಐದು ವರ್ಷದ ಹುಡುಗ. ಹಿಂದೆ ಎಲ್ಲೋ ಅವನ ಕೈಕಾಲು ಹಿಡಿದು, ಅದುಮಿ ಮಲಗಿಸಿ ಹಲ್ಲು ನೋಡಿದ್ದರಂತೆ. ಅಲ್ಲಿಂದ ಅವನು ಅಮ್ಮನಿಗೂ ಬಾಯಿ ತೋರಿಸುತ್ತಿರಲಿಲ್ಲ. ಆಗಲೇ ಕಂಡಿದ್ದ ದವಡೆ ಹಲ್ಲಿನ ಹುಳುಕು ಆಳಕ್ಕೆ ಇಳಿಯುತ್ತಿತ್ತು. ಅನ್ನವನ್ನು ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದ. ಈ ಕುರ್ಚಿಯಲ್ಲಿ ಬಾಯಿ ತೆರೆದರೆ ಸಣ್ಣ ಕೆಲಸ. ತೆರೆಯದಿದ್ದರೆ ದೊಡ್ಡ ಆಸ್ಪತ್ರೆಗೆ ಸೇರಿಸಿ, ಪ್ರಜ್ಞೆ ತಪ್ಪಿಸಿ ಮಾಡಬೇಕಾಗುತ್ತದೆ ಎಂದು ಅವನ ತಾಯಿಗೆ ಹೇಳಿದ್ದೆ. ಅವಳಿಗೆ ಅದನ್ನು ಕೇಳಿಯೇ ಕಣ್ಣು ತುಂಬಿತ್ತು.

ನನ್ನ ಪದ್ಧತಿ ಏನೆಂದರೆ, ಪ್ರತಿ ಉಪಕರಣವನ್ನೂ ಮೊದಲು ಹೇಳುತ್ತೇನೆ, ಆಮೇಲೆ ಬೇರೆಯವರ ಮೇಲೆ ಮಾಡಿ ತೋರಿಸುತ್ತೇನೆ, ಆಮೇಲೆ ಮಗುವಿಗೆ ಮಾಡುತ್ತೇನೆ. ಗೊಂಬೆಯ ಮೇಲೆ ತೋರಿಸಿದೆ. "ಗೊಂಬೆಗೆ ನೋವೇ ಆಗಲ್ಲ" ಎಂದ. ಅವನ ಅಮ್ಮನ ಮೇಲೆ ತೋರಿಸಿದೆ. "ಅಮ್ಮ ನೋವಾದ್ರೂ ಇಲ್ಲ ಅಂತಾಳೆ" ಎಂದ. ನನ್ನ ಹಲ್ಲಿನ ಮೇಲೆ ತೋರಿಸಿದೆ. "ನೀವು ಡಾಕ್ಟ್ರು" ಎಂದ. ವಕೀಲರ ಮನೆಯಲ್ಲಿ ಹುಟ್ಟಬೇಕಾದ ಮಗು.

"ಹಾಗಾದ್ರೆ ಯಾರ ಮೇಲೆ ತೋರಿಸಲಿ?" ಎಂದೆ.

"ಮೊದ್ಲು ತಾತಂಗೆ ಮಾಡಿ. ನಮ್ ತಾತ ಸುಳ್ಳು ಹೇಳಲ್ಲ."

ಮುಂದಿನ ಸಲ ತಾತನೇ ಬಂದರು. ಒಂದು ಕಾಲದಲ್ಲಿ ದ್ರಾಕ್ಷಿ ತೋಟ, ಈಗ ಅದೇ ಜಾಗದಲ್ಲಿ ಸಾಲು ಸಾಲು ಬಿಲ್ಡಿಂಗು. ಬಿಳಿ ಪಂಚೆ, ಬಿಳಿ ಶರ್ಟು, ಅದಕ್ಕಿಂತ ಬಿಳಿಯ ಹಲ್ಲು. ಕಾಯುತ್ತಿದ್ದ ತಾಯಂದಿರಿಗೆಲ್ಲ ಕೇಳುವ ಹಾಗೆ ಭಾಷಣ ಶುರು ಮಾಡಿದರು. "ಈಗಿನ್ ಮಕ್ಳದ್ದೂ ಒಂದ್ ಅಲ್ಲಾ? ನಮ್ಮವು ನೋಡ್ರವ್ವ. ಮುದ್ದೆ ತಿಂದಿರೋ ಅಲ್ಲು. ಈಗ್ಲೂ ಕಬ್ಬು ಕೊಟ್ರೆ ಸಿಗಿದು ಆಕ್ತೀನಿ." ಮೊಮ್ಮಗ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅಷ್ಟು ಸಾಲಾಗಿ, ಅಷ್ಟು ಒಂದೇ ಅಳತೆಯಲ್ಲಿ ದೇವರು ಯಾರಿಗೂ ಹಲ್ಲು ಜೋಡಿಸುವುದಿಲ್ಲ. ಮೇಲಿನದೂ ಕೆಳಗಿನದೂ ಎರಡೂ ಕಟ್ಟಿಸಿದ ಹಲ್ಲು.

ಒಳಗೆ ಬಂದು ಕುರ್ಚಿಯಲ್ಲಿ ಕೂತ ಮೇಲೆ ತಾತ ಬಾಯಿ ಮುಚ್ಚಿದರು. ನಾನು ಕನ್ನಡಿ ಎತ್ತಿದೆ. ಅವರು ಕಣ್ಣಲ್ಲೇ ಬೇಡ ಎಂದರು. ಮೊಮ್ಮಗ ಅವರ ಮುಖ ನೋಡಿದ, ನನ್ನ ಮುಖ ನೋಡಿದ.

"ತಾತ ಯಾಕೆ ಬಾಯಿ ತೆಗೀತಿಲ್ಲ? ನೋವಾಗುತ್ತಾ?"

ನನಗೆ ಬಿಸಿತುಪ್ಪದ ಪರಿಸ್ಥಿತಿ. ನೋವಾಗಲ್ಲ ಎಂದರೆ ಮತ್ತೆ ಯಾಕೆ ತೆಗೆಯುತ್ತಿಲ್ಲ ಎನ್ನುತ್ತಾನೆ. ನಿಜ ಹೇಳಿದರೆ ತಾತನ ಮಾನ ಹೋಗುತ್ತದೆ. "ಅದನ್ನ ತಾತನೇ ಹೇಳ್ಬೇಕು ಕಂದ" ಎಂದೆ. ಹುಡುಗ ನಿಧಾನಕ್ಕೆ ಬಾಗಿಲ ಕಡೆ ಹಿಂದೆ ಹಿಂದೆ ಸರಿಯತೊಡಗಿದ. ಅವನು ಆ ಬಾಗಿಲು ದಾಟಿದರೆ ಮತ್ತೆ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ತಾತನಿಗೂ ಗೊತ್ತಿತ್ತು.

ತಾತ ಸೊಸೆಯ ಕಡೆ ನೋಡಿದರು. ಅವಳು ತಾನಾಗಿಯೇ ಎದ್ದಳು. "ನಾನು ಹೊರಗಿರ್ತೀನಿ ಮಾವ. ನಂಗೆ ಗೊತ್ತು ಬಿಡಿ, ಬಚ್ಚಲಲ್ಲಿ ಹಲ್ಲು ನೆನೆಸೋ ಬಟ್ಟಲು ನೋಡಿದೀನಿ" ಎಂದು ಮೆಲ್ಲಗೆ ಹೇಳಿ ಬಾಗಿಲು ಮುಚ್ಚಿಕೊಂಡು ಹೋದಳು. ತಾತ ಕಣ್ಣು ಮುಚ್ಚಿಕೊಂಡರು.

"ನೀವೇ ತೆಗೀರವ್ವ" ಎಂದರು.

ನಾನು ಮೇಲಿನದನ್ನು ತೆಗೆದೆ, ಕೆಳಗಿನದನ್ನು ತೆಗೆದೆ, ತೊಳೆದು ಟ್ರೇ ಮೇಲೆ ಇಟ್ಟೆ. ತಾತನ ಕೆನ್ನೆ ಎರಡೂ ಒಳಗೆ ಹೋದವು. ಅಷ್ಟು ಹೊತ್ತು ಬಿಲ್ಡಿಂಗಿನ ಯಜಮಾನರಾಗಿದ್ದವರು ಕ್ಷಣದಲ್ಲಿ ಮುದುಕರಾದರು.

ಹುಡುಗ ಹತ್ತಿರ ಬಂದು ಟ್ರೇ ನೋಡಿದ, ತಾತನ ಬಾಯಿ ನೋಡಿದ, ಮತ್ತೆ ಟ್ರೇ ನೋಡಿದ. "ನೋವಾಯ್ತಾ ತಾತ?"

"ಇಲ್ಲ ಮಗಾ."

"ಕಬ್ಬು ತಿಂತೀನಿ ಅಂದಿದ್ದು ಸುಳ್ಳಾ?"

ತಾತ ಮೊಮ್ಮಗನನ್ನು ನೋಡದೆ ಪಂಚೆಯ ಅಂಚನ್ನು ನೋಡುತ್ತಾ ಹೇಳಿದರು, "ಊಂ ಮಗಾ. ಅದೊಂದು ಸುಳ್ಳು. ನಂಗೂ ನಿನ್ನಂಗೆ ಅಲ್ಲು ನೋಯ್ತಿತ್ತು. ಯಾರ್ಗೂ ತೋರಿಸ್ಲಿಲ್ಲ, ಎದರ್ಕೊಂಡು ಕೂತಿದ್ದೆ. ಎಲ್ಲಾ ಉದುರೋದ್ವು." ನಾನು ಟ್ರೇ ಸರಿ ಮಾಡುವವಳಂತೆ ತಲೆ ತಗ್ಗಿಸಿದೆ. ಮಾಸ್ಕ್ ಇದ್ದಿದ್ದು ಒಳ್ಳೆಯದಾಯಿತು.

ಹುಡುಗ ಟ್ರೇಯ ಹಲ್ಲನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದ. ಆಮೇಲೆ ಕುರ್ಚಿ ಹತ್ತಿ ತಾತನ ತೊಡೆಯ ಮೇಲೆ ಕೂತ. ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. "ಮೊದ್ಲು ತಾತಂದಕ್ಕೆ ಮಾಡಿ" ಎಂದ. ಸರಿ, ತಾತನ ಹಲ್ಲಿನ ಸೆಟ್ಟನ್ನು ಅವನ ಕೈಗೇ ಕೊಟ್ಟೆ. ಬಲಗೈಯಲ್ಲಿ ಮೇಲಿನದು, ಎಡಗೈಯಲ್ಲಿ ಕೆಳಗಿನದು. ಅದರ ಮೇಲೆ ನೀರು ಬಿಟ್ಟೆ, ಗಾಳಿ ಬಿಟ್ಟೆ, ತಿರುಗುವ ಬ್ರಷ್ಷಿನಿಂದ ಉಜ್ಜಿದೆ. ಕೈಗೆ ಕಚಗುಳಿಯಾಗಿ ನಕ್ಕ. ನಕ್ಕ ಬಾಯಿ ಹಾಗೇ ತೆರೆದುಕೊಂಡಿತು. ಹುಳುಕು ತೆಗೆಯುವಾಗ ಒಂದು ಸಲ ಚುರುಕ್ ಅನ್ನುತ್ತದೆ ಎಂದೆ, ಅಂದಿತು, ಹುಡುಗ ತಾತನ ಹಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ, ಅಷ್ಟೇ. ತೊಳೆದು ಸಿಮೆಂಟು ತುಂಬಿದೆ. ದೊಡ್ಡ ಆಸ್ಪತ್ರೆಯ ಮಾತು ಅಲ್ಲಿಗೆ ಮುಗಿಯಿತು. ತಾತ ಹಲ್ಲಿಲ್ಲದ ಬಾಯಲ್ಲಿ ಅವನ ನೆತ್ತಿಗೆ ಮುತ್ತು ಕೊಟ್ಟರು.

ನಾನು ಕೈಗವಸು ತೆಗೆಯುವಷ್ಟರಲ್ಲಿ ಹುಡುಗ ಕುರ್ಚಿಯಿಂದ ಜಿಗಿದು ಬಾಗಿಲು ತೆಗೆದಿದ್ದ. ಹೊರಗೆ ಬೆಂಚಿನ ತುಂಬ ಮಕ್ಕಳು, ತಾಯಂದಿರು. ಕಬ್ಬು ಸಿಗಿಯುವ ಹಲ್ಲಿನ ಭಾಷಣ ಕೇಳಿದವರೆಲ್ಲ ಅಲ್ಲೇ ಇದ್ದರು. ಹುಡುಗ ತಾತನ ಹಲ್ಲು ಹಿಡಿದಿದ್ದ ಎರಡೂ ಕೈ ಮೇಲೆತ್ತಿ, ತನ್ನಂತೆ ಹೆದರಿದ ಮಕ್ಕಳಿಗೆಲ್ಲ ಧೈರ್ಯ ಹೇಳಿದ:

"ಡಾಕ್ಟ್ರು ನಮ್ ತಾತಂದು ಎಲ್ಲಾ ಹಲ್ಲೂ ಒಂದೇ ಸಲ ತೆಗೆದ್ಬಿಟ್ರು! ಒಂಚೂರೂ ನೋವಾಗಲ್ಲ! ಬನ್ನಿ, ನೀವೂ ತೆಗೆಸ್ಕೊಳ್ಳಿ!"

ನಾನು ಹೊರಗೆ ಓಡಿ ಬರುವಷ್ಟರಲ್ಲಿ ಬೆಂಚು ಖಾಲಿ. ಮೆಟ್ಟಿಲ ಕೆಳಗಿನಿಂದ ಚಪ್ಪಲಿಗಳ ಸದ್ದು ದೂರವಾಗುತ್ತಿತ್ತು. ತಡೆದು ನಿಲ್ಲಿಸಿ, ಅವನು ಹೇಳಿದ್ದು ಸುಳ್ಳು ಅನ್ನೋಣ ಎಂದರೆ, ಒಂದು ಅಕ್ಷರವೂ ಸುಳ್ಳಿರಲಿಲ್ಲ.